ಹೆಡ್ ಬಿಚ್ಚುವ ಮೊದಲು

ಉಡುಪಿ, ಮಣಿಪಾಲದ ಕಡೆ ಬೈಕ್ ಸರ್ವಿಸಿಗೆ ಕೊಟ್ಟರೆ ಈಗ ಬಿಲ್ಲಿನಲ್ಲಿ ಒಂದು ಸಾಲು ಜಾಸ್ತಿ ಬರುತ್ತದೆ. ‘ಎಂಜಿನ್ ಡಿಕಾರ್ಬನ್’. ಆಯಿಲ್, ಬ್ರೇಕ್ ಕ್ಲೀನಿಂಗ್, ವಾಟರ್ ವಾಶ್ ಇವುಗಳ ಮಧ್ಯೆ ಅದೂ ಬಂದು ಕೂತಿರುತ್ತದೆ. ಯಾಕೆ ಎಂದು ಕೇಳಿದರೆ, “ಒಳಗೆ ಕಾರ್ಬನ್ ಕಟ್ಟಿರ್ತದೆ ಸರ್, ಪಿಕಪ್ ಸಿಗುದಿಲ್ಲ” ಎಂಬ ಉತ್ತರ. ಒಳಗೆ ನೋಡಿದ್ದೀರಾ ಎಂದರೆ ಕೌಂಟರಿನ ಹುಡುಗ ಕಂಪ್ಯೂಟರ್ ಕಡೆ ತಿರುಗುತ್ತಾನೆ.

ಕಾರ್ಬನ್ ಕಟ್ಟುವುದು ಸುಳ್ಳಲ್ಲ. ಪೆಟ್ರೋಲ್ ಉರಿಯುವ ಎಲ್ಲ ಎಂಜಿನ್ನಿನಲ್ಲೂ ಕಟ್ಟುತ್ತದೆ. ಮಿತಿ ಮೀರಿದರೆ ತೊಂದರೆ ಕೊಡುವುದೂ ನಿಜ. ನನ್ನ ತಕರಾರು ಬೇರೆ. ಕಾರ್ಬನ್ ತಾನಾಗಿ ಬಂದು ಕೂರುವುದಿಲ್ಲ. ಏರ್ ಫಿಲ್ಟರ್ ಮುಚ್ಚಿಹೋಗಿರುತ್ತದೆ, ಇಲ್ಲವೇ ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿರುತ್ತದೆ, ಇಲ್ಲವೇ ಗಾಡಿ ಯಾವತ್ತೂ ಸರಿಯಾಗಿ ಬಿಸಿಯಾಗಿರುವುದಿಲ್ಲ. ಆ ಕಾರಣ ಹಾಗೇ ಬಿಟ್ಟು ಕಾರ್ಬನ್ ಮಾತ್ರ ತೆಗೆದರೆ ಅದು ಮತ್ತೆ ಕಟ್ಟುತ್ತದೆ. ಬಿಲ್ಲೂ ಮತ್ತೆ ಬರುತ್ತದೆ.

ಒಳಗೆ ಆಗುವುದು ಇಷ್ಟು. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಸ್ವಲ್ಪ ಪೆಟ್ರೋಲ್ ಅರೆಬರೆ ಉರಿದು ಮಸಿಯಾಗುತ್ತದೆ. ಗಾಳಿ ಸರಿ ಇದ್ದರೂ ಲೋಹದ ಗೋಡೆಯ ಹತ್ತಿರ ಬಂದಾಗ ಬೆಂಕಿ ತಣ್ಣಗಾಗಿ ಆರುತ್ತದೆ. ಅಲ್ಲಿ ಉಳಿದ ಪೆಟ್ರೋಲ್ ತೆಳ್ಳಗಿನ ಅಂಟಾಗಿ ಹಿಡಿಯುತ್ತದೆ, ಮತ್ತೆ ಮತ್ತೆ ಕಾದು ಗಟ್ಟಿಯಾಗುತ್ತದೆ. ಇದರ ಜೊತೆಗೆ ಎಂಜಿನ್ ಆಯಿಲ್ ಮೇಲೆ ಬಂದರೆ ಮುಗಿಯಿತು, ಅಂಟು ದಪ್ಪವಾಗುತ್ತದೆ. ಬಚ್ಚಲ ಹಂಡೆ ತಿಕ್ಕಿದವರಿಗೆ ಇದು ಅರ್ಥವಾಗುತ್ತದೆ. ಕೈಗೆ ಹತ್ತುವ ಮಸಿ ಮೇಲಿನದ್ದು ಮಾತ್ರ. ಅದರ ಕೆಳಗೆ ಉಗುರಿಗೂ ಜಗ್ಗದ ಒಂದು ಹೊಪ್ಪಳೆ ಇರುತ್ತದೆ ನೋಡಿ, ಪಿಸ್ಟನ್ ಮೇಲೆ ಇರುವುದೂ ಅದೇ ಜಾತಿಯದ್ದು.

ಒಂದು ವಿಷಯ ಸರ್ವಿಸ್ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಈ ಪದರ ಕೊನೆಯಿಲ್ಲದೆ ಬೆಳೆಯುತ್ತಾ ಹೋಗುವುದಿಲ್ಲ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಒಂದು ಹಂತದವರೆಗೆ ಕಟ್ಟುತ್ತದೆ. ಆಮೇಲೆ ಮೇಲ್ಭಾಗ ಜಾಸ್ತಿ ಕಾದು ತಾನೇ ಉರಿಯುತ್ತದೆ, ಕೆಲವು ಕಡೆ ಎದ್ದು ಹೋಗುತ್ತದೆ. ಕಟ್ಟುವುದೂ ಹೋಗುವುದೂ ಹೆಚ್ಚು ಕಡಿಮೆ ಸಮನಾಗುತ್ತದೆ. ಅಂತಹ ತೆಳ್ಳಗಿನ ಕಂದು ಪದರ ಇದ್ದರೆ ಅದರ ಪಾಡಿಗೆ ಇರಲಿ. ಅದನ್ನು ತೆಗೆಸಿ ಏನೂ ಲಾಭ ಇಲ್ಲ.

ಹಾಗಾದರೆ ತೊಂದರೆ ಯಾವಾಗ? ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮಲ್ಲಿ ಮನೆಮನೆಯಲ್ಲಿರುವ ನೂರು ಸಿಸಿ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 50 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 49.5. ಬೋರಿನ ವೃತ್ತದ ವಿಸ್ತೀರ್ಣಕ್ಕೆ ಸ್ಟ್ರೋಕ್ ಗುಣಿಸಿದರೆ 97.2 ಸಿಸಿ. ಕಂಪ್ರೆಶನ್ ಅನುಪಾತ, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು, ಒಂಬತ್ತು ಎಂದಿಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 12 ಸಿಸಿ. ಒಂದು ದೊಡ್ಡ ಚಮಚದಷ್ಟೂ ಇಲ್ಲ. ಪಿಸ್ಟನ್ ಮೇಲೆ ಅರ್ಧ ಮಿಲಿಮೀಟರ್ ಕಾರ್ಬನ್ ಕೂತರೆ ಅದೇ ಒಂದು ಸಿಸಿ. ಸಿಲಿಂಡರಿನ ಮುಚ್ಚಳದಂತಿರುವ ಹೆಡ್ಡಿನಲ್ಲೂ ಅಷ್ಟೇ ಇದ್ದರೆ ಎರಡು ಸಿಸಿ. ಹನ್ನೆರಡರಲ್ಲಿ ಎರಡು ಹೋದರೆ ಅನುಪಾತ ಹತ್ತೂವರೆಗೆ ಏರುತ್ತದೆ. ಕಂಪನಿಯವರು ಒಂಬತ್ತಕ್ಕೆ ಕಟ್ಟಿದ ಎಂಜಿನ್, ಬಂಕಿನ ಸಾದಾ ಪೆಟ್ರೋಲ್. ಚೂರು ಏರು ಸಿಕ್ಕಿದರೂ ನಾಕಿಂಗ್ ಶುರು, ಅಂದರೆ ಒತ್ತಡಕ್ಕೆ ಪೆಟ್ರೋಲ್ ಒಳಗೆ ತಾನಾಗಿ ಸಿಡಿಯುತ್ತದೆ.

ಉಡುಪಿಯವರಿಗೆ ಇದನ್ನು ಪರೀಕ್ಷೆ ಮಾಡಲು ಒಳ್ಳೆಯ ಜಾಗ ಇದೆ. ಇಂದ್ರಾಳಿ ದಾಟಿ ಮಣಿಪಾಲದ ಕಡೆ ಏರು ಹತ್ತುವಾಗ ನಾಲ್ಕನೇ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ತಿರುಗಿಸಿ. ಟಣ್ ಟಣ್ ಎಂದು ಸಣ್ಣ ಲೋಹದ ಸದ್ದು ಬಂತು, ಗೇರ್ ಇಳಿಸಿದ ಕೂಡಲೇ ನಿಂತಿತು ಎಂದರೆ ಅದು ನಾಕಿಂಗ್. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಇನ್ನೂ ಚೆನ್ನಾಗಿ ಕೇಳುತ್ತದೆ. ನಿಂತಲ್ಲೇ ಐಡಲ್‌ನಲ್ಲೂ ಟಕ ಟಕ ಎನ್ನುತ್ತಿದ್ದರೆ ಅದು ಟ್ಯಾಪೆಟ್ಟಿನದ್ದು, ಅಂದರೆ ಗಾಳಿಯ ಮತ್ತು ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವನ್ನು ಒತ್ತುವ ಭಾಗದ್ದು. ಅದಕ್ಕೂ ಕಾರ್ಬನ್ನಿಗೂ ಸಂಬಂಧ ಇಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಹೆಡ್ ಬಿಚ್ಚಿಸಿದವರು ಇದ್ದಾರೆ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳಲ್ಲಿ ಇನ್ನೊಂದು ಗುರುತು ಇದೆ. ಕೀ ಆಫ್ ಮಾಡಿದ ಮೇಲೂ ಎಂಜಿನ್ ಎರಡು ಮೂರು ಸುತ್ತು ಬಡಬಡಿಸಿ ನಿಲ್ಲುತ್ತದೆ. ಪ್ಲಗ್ಗಿನಲ್ಲಿ ಕಿಡಿ ಇಲ್ಲ, ಆದರೆ ಒಳಗಿನ ಕಾರ್ಬನ್ ತುಣುಕು ಕೆಂಡವಾಗಿದ್ದು ಅದೇ ಬೆಂಕಿ ಕೊಡುತ್ತದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಕೀ ತಿರುಗಿಸಿದರೆ ಪೆಟ್ರೋಲೇ ನಿಲ್ಲುವುದರಿಂದ ಈ ಆಟ ಕಾಣುವುದಿಲ್ಲ. ಕಾರ್ಬನ್ನಿನ ಚೂರು ವಾಲ್ವಿನ ಅಂಚಿನಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಕಥೆ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ, ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ.

ನಮ್ಮ ಊರಿನ ಓಡಾಟವೇ ಕಾರ್ಬನ್ನಿಗೆ ಹೇಳಿ ಮಾಡಿಸಿದ್ದು. ಕಲ್ಸಂಕದಿಂದ ಮಣಿಪಾಲಕ್ಕೆ ನಾಲ್ಕೈದು ಕಿಲೋಮೀಟರ್. ಮಕ್ಕಳನ್ನು ಶಾಲೆಗೆ ಬಿಡುವುದು ಎರಡು ಕಿಲೋಮೀಟರ್. ಮೀನಿಗೆ ಹೋಗಿ ಬರುವುದು ಇನ್ನೂ ಕಡಿಮೆ. ಎಂಜಿನ್ ಬಿಸಿ ಹತ್ತುವಷ್ಟರಲ್ಲಿ ಮನೆ ಬಂದಿರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಮೂತಿ ಸುಮಾರು 450 ರಿಂದ 500 ಡಿಗ್ರಿಯಷ್ಟು ಕಾದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅಷ್ಟು ಕಾಯಲು ನಾವು ಬಿಡುವುದೇ ಇಲ್ಲ. ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡುವ ಚೋಕ್ ಹಾಕಿ ಸ್ಟಾರ್ಟ್ ಮಾಡಿ, ಚೋಕ್ ತೆಗೆಯಲು ಮರೆತು ಶಿರಿಬೀಡು ಮುಟ್ಟುವವರೂ ಇದ್ದಾರೆ.

ಮಳೆಗಾಲದಲ್ಲಿ ಇನ್ನೂ ಕಷ್ಟ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಾಗ ಇದು. ಜೂನ್ ಬಂದ ಮೇಲೆ ಸುಮ್ನೆ ಲಾಂಗ್ ರೈಡ್ ಹೋಗುವವರು ಯಾರು? ಗಾಡಿ ಹತ್ತಿರದ ಕೆಲಸಕ್ಕೆ ಮಾತ್ರ. ಕಾಗದದ ಏರ್ ಫಿಲ್ಟರಿನಲ್ಲಿ ಬೇಸಿಗೆಯ ಕೆಂಪು ಧೂಳು ಮೊದಲೇ ತುಂಬಿರುತ್ತದೆ, ಅದಕ್ಕೆ ತೇವ ಸೇರಿದರೆ ಗಾಳಿ ನುಸುಳುವುದಕ್ಕೆ ಜಾಗ ಇಲ್ಲ. ಕಾರ್ಬೊರೇಟರ್ ಗಾಡಿಯಲ್ಲಿ ಗಾಳಿ ಕಡಿಮೆಯಾದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತದೆ, ಮಸಿ ಕಟ್ಟುತ್ತದೆ. ಫಿಲ್ಟರಿನ ಬೆಲೆ ನೋಡಿದರೆ ಮಣಿಪಾಲದಲ್ಲಿ ಇಬ್ಬರು ಕೂತು ತಿಂಡಿ ತಿಂದ ಖರ್ಚಿಗಿಂತ ಜಾಸ್ತಿ ಇರುವುದಿಲ್ಲ. ಆದರೂ ಅದನ್ನು ಬದಲಿಸಲು ನಮಗೆ ಕೈ ಬರುವುದಿಲ್ಲ.

ಇನ್ನೊಂದು ವಿಚಿತ್ರ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟ, ಆದರೆ ರಸಾಯನಶಾಸ್ತ್ರದ ಲೆಕ್ಕ ಅದು. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಕಾಯದಿದ್ದರೆ ಸ್ವಲ್ಪ ಒಳಗೇ ಉಳಿದು ಆಯಿಲಿಗೆ ಸೇರುತ್ತದೆ. ಆಗಸ್ಟ್ ತಿಂಗಳಲ್ಲಿ ಆಯಿಲ್ ಮುಚ್ಚಳ ಬಿಚ್ಚಿದರೆ ಅಡಿಯಲ್ಲಿ ಬಿಳಿಚಿದ ಜಿಡ್ಡು ಕಾಣುವುದು ಇದರಿಂದಲೇ. ಅಂತಹ ಆಯಿಲ್ ತನ್ನ ಕೆಲಸ ಸರಿಯಾಗಿ ಮಾಡುವುದಿಲ್ಲ. ಸವಕಳಿ ಜಾಸ್ತಿ, ಕೊನೆಗೆ ಕಾರ್ಬನ್ ಕೂಡ ಜಾಸ್ತಿ.

ಹೆಡ್ ಬಿಚ್ಚುವ ಮೊದಲು ಪ್ಲಗ್ ಬಿಚ್ಚಿ ಎನ್ನುತ್ತೇನೆ ನಾನು. ಸ್ವಲ್ಪ ದೂರ ಗಾಡಿ ಓಡಿಸಿ, ತಣ್ಣಗಾಗಲು ಬಿಟ್ಟು, ಪ್ಲಗ್ ತೆಗೆದು ಬೆಳಕಿಗೆ ಹಿಡಿಯಿರಿ. ಮೂತಿ ತಿಳಿ ಕಂದು ಇದ್ದರೆ ಚಿಂತೆ ಇಲ್ಲ. ಒಣ ಮಸಿ, ಬೆರಳಿಗೆ ಪುಡಿಪುಡಿಯಾಗಿ ಹತ್ತಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಫಿಲ್ಟರ್ ನೋಡಿ, ಚೋಕ್ ಪೂರ್ತಿ ಬಿಡುತ್ತದೆಯೇ ನೋಡಿ, ಕಾರ್ಬೊರೇಟರ್ ನೋಡಿ. ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಇದು ಸ್ವಲ್ಪ ಖರ್ಚಿನ ದಾರಿ. ಬಿಳಿ ಇದ್ದು ಸುಟ್ಟ ಹಾಗಿದ್ದರೆ ಗಾಳಿ ಜಾಸ್ತಿ, ಎಂಜಿನ್ ಅತಿಯಾಗಿ ಕಾಯುತ್ತಿದೆ. ಅದು ಕಾರ್ಬನ್ನಿಗಿಂತ ಅಪಾಯ.

ಸೈಲೆನ್ಸರಿನ ಹೊಗೆಯನ್ನೂ ಗಮನಿಸಬೇಕು. ಕಪ್ಪು ಹೊಗೆ ಪೆಟ್ರೋಲಿನದ್ದು, ನೀಲಿ ಹೊಗೆ ಆಯಿಲಿನದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ದಮ್ಮು ನೀಲಿ ಹೊಗೆ ಬಂದು ಆಮೇಲೆ ನಿಂತರೆ ಸಾಮಾನ್ಯವಾಗಿ ವಾಲ್ವಿನ ಆಯಿಲ್ ಸೀಲ್ ಹೋಗಿರುತ್ತದೆ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಬಂದರೆ ರಿಂಗು, ಬೋರಿನ ಕಡೆ ಅನುಮಾನ ಪಡಬೇಕು. ಚಳಿಗೆ ಬೆಳಿಗ್ಗೆ ಕಾಣುವ ಬಿಳಿ ಹೊಗೆ ಬರೀ ನೀರಿನ ಆವಿ, ಅದನ್ನು ಬಿಡಿ.

ಈಗ ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಸಿಗುತ್ತದೆ. ಉದ್ದ ವಯರು, ತುದಿಯಲ್ಲಿ ಕ್ಯಾಮೆರಾ, ಸುತ್ತ ಪುಟ್ಟ ಲೈಟು. ನೂರು ಸಿಸಿ ಗಾಡಿಗಳ ಪ್ಲಗ್ ತೂತು 10 ಮಿಲಿಮೀಟರ್, 5.5 ಮಿಲಿಮೀಟರಿನ ಕ್ಯಾಮೆರಾ ಸಲೀಸಾಗಿ ಇಳಿಯುತ್ತದೆ. ಪಿಸ್ಟನ್ ತಲೆ ಕಾಣುತ್ತದೆ, ತುದಿ ಬಾಗಿಸಿದರೆ ವಾಲ್ವೂ ಕಾಣುತ್ತದೆ. ಮಾಡುವ ಮೊದಲು ಒಂದು ಫೋಟೊ, ಮಾಡಿದ ಮೇಲೆ ಒಂದು ಫೋಟೊ ತೋರಿಸಿ, ದುಡ್ಡು ಕೊಡುತ್ತೇನೆ ಎಂದು ಹೇಳಿ ನೋಡಿ. ಡಿಕಾರ್ಬನ್ ಸಾಲು ಬಿಲ್ಲಿನಿಂದ ತಾನಾಗಿ ಮಾಯವಾಗುತ್ತದೆ.

ಟೂ ಸ್ಟ್ರೋಕ್ ಕಾಲದಲ್ಲಿ ಈ ಚರ್ಚೆಗೇ ಅವಕಾಶ ಇರಲಿಲ್ಲ. ಅಲ್ಲಿ ಆಯಿಲ್ ಉರಿಯುವುದೇ ನಿಯಮ. ಪೆಟ್ರೋಲಿನ ಜೊತೆ ಆಯಿಲ್ ಒಳಗೆ ಹೋಗಿ, ಬೇರಿಂಗಿಗೂ ಬೋರಿಗೂ ಜಿಡ್ಡು ಕೊಟ್ಟು, ಕೊನೆಗೆ ಉರಿದು ಹೋಗಬೇಕು. ಪೂರ್ತಿ ಉರಿಯದೆ ಉಳಿದದ್ದು ಸೈಲೆನ್ಸರಿನಲ್ಲಿ, ಎಕ್ಸಾಸ್ಟ್ ಪೋರ್ಟಿನಲ್ಲಿ ಕಟ್ಟುತ್ತಿತ್ತು. ಟೂ ಸ್ಟ್ರೋಕಿನಲ್ಲಿ ಹೊಗೆ ಹೋಗುವ ದಾರಿ ಬೋರಿನ ಗೋಡೆಯಲ್ಲಿರುವ ಒಂದು ಕಿಂಡಿ ಅಷ್ಟೇ. ಅದು ಅರ್ಧ ಮುಚ್ಚಿದರೆ ಗಾಡಿಯ ಜೀವವೇ ಹೋಗುತ್ತದೆ. ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಯಮಹಾದ ಆರ್‌ಎಕ್ಸ್ 100 ಬರುವುದು ನಿಂತದ್ದೂ ಅದೇ ವರ್ಷ. ಆದರೆ ಯೆಜ್ಡಿ, ಆರ್‌ಎಕ್ಸ್, ಮಲ್ಪೆಯಿಂದ ಮೀನಿನ ಬುಟ್ಟಿ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತಾ ಬರುತ್ತಿದ್ದ ಎಂ80, ಇವೆಲ್ಲ ಆಮೇಲೂ ಎಷ್ಟೋ ವರ್ಷ ರಸ್ತೆಯಲ್ಲಿದ್ದವು. ಆಗಿನ ಗ್ಯಾರೇಜುಗಳಲ್ಲಿ ಸೈಲೆನ್ಸರ್ ಸುಡುವುದು ದಿನದ ಕೆಲಸ.

ಯೆಜ್ಡಿಯ ಸೈಲೆನ್ಸರಿನ ಹಿಂದಿನಿಂದ ಒಳಗಿನ ಕೊಳವೆ ಎಳೆದು ತೆಗೆಯುತ್ತಿದ್ದರು. ಅದರ ತೂತುಗಳೆಲ್ಲ ಡಾಂಬರು ಮೆತ್ತಿದ ಹಾಗೆ ಮುಚ್ಚಿರುತ್ತಿದ್ದವು. ಗ್ಯಾರೇಜಿನ ಹಿಂದೆ ತೆಂಗಿನ ಗೆರಟೆ ರಾಶಿ ಹಾಕಿ ಬೆಂಕಿ ಕೊಟ್ಟು ಕೊಳವೆಯನ್ನು ಅದರಲ್ಲಿಡುವುದು. ಮೊದಲು ದಟ್ಟ ಹಳದಿ ಹೊಗೆ, ಕಣ್ಣು ಉರಿಯುವ ವಾಸನೆ. ಅಕ್ಕಪಕ್ಕದ ಮನೆಯವರು ಒಣಗಿಸಿದ ಬಟ್ಟೆ ಎತ್ತಿಕೊಂಡು ಬೈಯುತ್ತಾ ಒಳಗೆ ಹೋಗುತ್ತಿದ್ದರು. ಆಮೇಲೆ ಕೊಳವೆಯೊಳಗಿನ ಜಿಡ್ಡೇ ಹತ್ತಿಕೊಂಡು ಉರಿಯುತ್ತಿತ್ತು. ಕೆಂಪಗಾದ ಕೊಳವೆಯನ್ನು ಇಕ್ಕುಳದಲ್ಲಿ ಎತ್ತಿ, ತಣಿಸಿ, ಕಲ್ಲಿಗೆ ತಟ್ಟಿದರೆ ಬೂದು ಬಣ್ಣದ ಪುಡಿ ಸುರಿಯುತ್ತಿತ್ತು. ಅದನ್ನು ಹಾಕಿ ಸ್ಟಾರ್ಟ್ ಮಾಡಿದಾಗ ಬರುತ್ತಿದ್ದ ಸದ್ದೇ ಬೇರೆ, ಊರಿಗೆಲ್ಲ ಕೇಳುತ್ತಿತ್ತು.

ಕೆಲವರು ಬೆಂಕಿಯ ಬದಲು ಕಾಸ್ಟಿಕ್ ಸೋಡಾ ಕರಗಿಸಿದ ಬಿಸಿ ನೀರು ತುಂಬಿಸಿಡುತ್ತಿದ್ದರು. ಉಕ್ಕಿನ ಸೈಲೆನ್ಸರಿಗೆ ಅದು ಆಗುತ್ತದೆ, ಕೈಗೆ ಕಣ್ಣಿಗೆ ತಾಗದ ಹಾಗೆ ನೋಡಿಕೊಂಡರೆ. ಇದನ್ನೇ ಓದಿಕೊಂಡು ಪಿಸ್ಟನ್ನಿಗೂ ಹೆಡ್ಡಿಗೂ ಹಾಕಲು ಹೋಗಬೇಡಿ. ಅವು ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮನ್ನು ನೊರೆ ಎಬ್ಬಿಸಿಕೊಂಡು ತಿಂದು ಹಾಕುತ್ತದೆ, ಜೊತೆಗೆ ಹೈಡ್ರೋಜನ್ ಬಿಡುತ್ತದೆ. ಕಾರ್ಬನ್ ಹೋಗುವ ಮೊದಲು ಪಿಸ್ಟನ್ ಹೋಗುತ್ತದೆ.

ನನ್ನದು ಹಳೆಯ ನೂರು ಸಿಸಿಯ ಫೋರ್ ಸ್ಟ್ರೋಕ್. ಮೇಲೆ ಹೇಳಿದ ಗುರುತುಗಳು ಒಂದೊಂದಾಗಿ ಸೇರಿಕೊಂಡವು. ಏರಿನಲ್ಲಿ ಟಣ್ ಟಣ್, ಬೆಳಿಗ್ಗೆ ನೀಲಿ ದಮ್ಮು, ಪ್ಲಗ್ ಕಪ್ಪು ಮತ್ತು ಒದ್ದೆ. ಕ್ಯಾಮೆರಾ ಇಳಿಸಿ ನೋಡಿದರೆ ಪಿಸ್ಟನ್ ಮೇಲೆ ಒಡೆದ ಗದ್ದೆಯ ಮಣ್ಣಿನಂತಹ ಬಿರುಕು ಬಿರುಕು ಪದರ. ಇದು ಬಾಟಲಿಯ ಔಷಧಕ್ಕೆ ಹೋಗುವಂಥದ್ದಲ್ಲ ಎಂದು ಗೊತ್ತಾಯಿತು. ಕುಂಜಿಬೆಟ್ಟಿನ ಹತ್ತಿರ ನಮ್ಮ ಹಳೆಯ ಮೆಕ್ಯಾನಿಕ್ ಅಣ್ಣ ಇದ್ದಾರೆ. ಟೂ ಸ್ಟ್ರೋಕಿನಲ್ಲಿ ಕೈ ಪಳಗಿಸಿಕೊಂಡವರು. ಫೋಟೊ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಹೆಡ್ ಬಿಚ್ಚಲೇ ಬೇಕು ಮಾರಾಯ್ರೆ. ಬಿಚ್ಚುವುದಾದ್ರೆ ನೀವೂ ಬನ್ನಿ. ಆಮೇಲೆ ಬಿಲ್ ನೋಡಿ ಎಂತದಕ್ಕೆ ಇಷ್ಟು ಅಂತ ಕೇಳುದು ಬೇಡ.”

ಹೋಗಿ ಸ್ಟೂಲ್ ಹಾಕಿಕೊಂಡು ಕೂತೆ. ಈ ಎಂಜಿನ್ನಿನಲ್ಲಿ ಸಿಲಿಂಡರ್ ಮುಂದಕ್ಕೆ ಚಾಚಿ ಹೆಚ್ಚು ಕಡಿಮೆ ಅಡ್ಡ ಮಲಗಿರುತ್ತದೆ. ಕಾರ್ಬೊರೇಟರ್, ಸೈಲೆನ್ಸರ್, ಪ್ಲಗ್ ಎಲ್ಲ ಹೊರಗೆ ಬಂತು. ಪಿಸ್ಟನ್ ಪೂರ್ತಿ ಮೇಲೆ ಬರುವ ಹಾಗೆ ಮ್ಯಾಗ್ನೆಟ್ ತಿರುಗಿಸಿ ಗುರುತು ಹೊಂದಿಸಿದರು. ವಾಲ್ವುಗಳನ್ನು ಆಡಿಸುವ ಕ್ಯಾಮ್ ಚೈನ್ ಕೆಳಗೆ ಬೀಳದ ಹಾಗೆ ತಂತಿ ಕಟ್ಟಿದರು. ಹೆಡ್ಡಿನ ನಟ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಒಂದೇ ಕಡೆ ಬಿಚ್ಚಿದರೆ ಹೆಡ್ ಬಾಗುತ್ತದೆ.

ಹೆಡ್ ಎದ್ದು ಬಂದಾಗ ಒಳಗೆ ಎರಡು ಬಣ್ಣ. ಎಕ್ಸಾಸ್ಟ್ ವಾಲ್ವಿನ ಸುತ್ತ ಒಣಗಿದ ಬೂದು. ಇನ್‌ಟೇಕ್ ಕಡೆ ಕರ್ರಗೆ, ಜಿಡ್ಡುಜಿಡ್ಡು. ವಾಲ್ವ್ ತೆಗೆದು ತಿರುಗಿಸಿದರು. ಇನ್‌ಟೇಕ್ ವಾಲ್ವಿನ ಬೆನ್ನಿಗೆ, ಅದರ ಕಡ್ಡಿಯ ಬುಡದಲ್ಲಿ ದಪ್ಪ ಕಪ್ಪು ಗಂಟು.

“ಇದು ಪೆಟ್ರೋಲಿನ ಕಾರ್ಬನ್ ಅಲ್ಲ, ಆಯಿಲಿನದ್ದು. ಮುಟ್ಟಿ ನೋಡಿ, ಜಿಡ್ಡು ಉಂಟಲ್ಲ? ಸೀಲ್ ಹೋಗಿದೆ.”

ಚಿಮುಟದಲ್ಲಿ ಒಂದು ಸಣ್ಣ ರಬ್ಬರ್ ಟೋಪಿ ಎಳೆದು ನನ್ನ ಅಂಗೈಗೆ ಹಾಕಿದರು. ಉಗುರಿನಷ್ಟು ಇತ್ತು. ಹೊಸದು ಬೆರಳಲ್ಲಿ ಒತ್ತಿದರೆ ಮೆತ್ತಗೆ ಅಮುಕುತ್ತದೆ. ಇದು ಅಮುಕಲಿಲ್ಲ, ಅಂಚು ಚಕ್ಕೆ ಎದ್ದಿತ್ತು. ಎಂಜಿನ್ ಗಾಳಿ ಎಳೆದುಕೊಳ್ಳುವಾಗಲೆಲ್ಲ ಇದರ ಸಂದಿನಿಂದ ಆಯಿಲ್ ಜಾರಿ ವಾಲ್ವಿನ ಮೇಲೆ ಬಿದ್ದು ಬೆಂದಿದೆ. ಬೆಲೆ ತೀರಾ ಕಡಿಮೆ. ಅದನ್ನು ಹಾಕುವ ಕೂಲಿಯೇ ಜಾಸ್ತಿ. ಇದು ಹಾಗೇ ಇದ್ದಾಗ ಮೇಲಿನಿಂದ ಎಷ್ಟು ಔಷಧ ಸುರಿದಿದ್ದರೂ ಅಷ್ಟೇ ಆಗುತ್ತಿತ್ತು.

ಆಮೇಲೆ ಕೆರೆಯುವ ಕೆಲಸ. ಮೊದಲು ಕ್ಯಾಮ್ ಚೈನ್ ಹೋಗುವ ಸಂದಿಗೂ ಸ್ಟಡ್ಡುಗಳ ತೂತಿಗೂ ಬಟ್ಟೆ ತುರುಕಿದರು. ಪಿಸ್ಟನ್ ಅಂಚಿನ ಸುತ್ತ ಬೆರಳಿನಿಂದ ಗ್ರೀಸ್ ಸವರಿದರು. ಉದುರಿದ ಕಾರ್ಬನ್ ಕೆಳಗೆ ಇಳಿಯದೆ ಅಲ್ಲೇ ಅಂಟಿಕೊಳ್ಳಲಿ ಎಂದು. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರು. ನಾನು ಸ್ಕ್ರೂ ಡ್ರೈವರ್ ಕೊಡಲು ಹೋದೆ.

“ಬೇಡ ಬೇಡ, ಕಬ್ಬಿಣ ತಾಗಿಸಬಾರ್ದು. ಗೀರು ಬಿದ್ರೆ ಅಲ್ಲಿಯೇ ಮತ್ತೆ ಹಿಡಿತದೆ.”

ಕೊಟ್ಟದ್ದು ಬಿದಿರಿನ ಚಕ್ಕೆ, ತುದಿ ಉಳಿಯ ಹಾಗೆ ಕೆತ್ತಿದ್ದು. ಒಂದು ಹಿತ್ತಾಳೆ ಬ್ರಶ್ಶೂ ಇತ್ತು. ಬಿದಿರಿನ ತುದಿ ಬೇಗ ಮೊಂಡಾಗುತ್ತದೆ, ಮತ್ತೆ ಕೆತ್ತಬೇಕು, ಮತ್ತೆ ಕೆರೆಯಬೇಕು. ಒಂದು ಮೂಲೆ ಎದ್ದರೆ ನಾಣ್ಯದಷ್ಟು ಅಗಲದ ಚಕ್ಕೆ ಒಟ್ಟಿಗೆ ಬಂದುಬಿಡುತ್ತದೆ. ಅದರ ಅಡಿಯಲ್ಲಿ ಪಿಸ್ಟನ್ನಿನ ಮೇಲೆ ಕೊರೆದ ಬಾಣದ ಗುರುತು ಕಂಡಿತು. ಅಲ್ಲಿಯವರೆಗೆ ಅಲ್ಲಿ ಒಂದು ಗುರುತು ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಅಂಚಿನ ಹತ್ತಿರ ಬಂದಾಗ ಕೈ ಹಿಡಿದರು. “ಅಷ್ಟು ಸಾಕು. ಅಂಚಿನದ್ದು ಇರ್ಲಿ.” ಸುತ್ತಲೂ ಒಂದೆರಡು ಮಿಲಿಮೀಟರ್ ಅಗಲದ ಕಪ್ಪು ಬಳೆ ಹಾಗೇ ಬಿಟ್ಟರು. ಇದು ಹಳೆಯ ಕಾಲದ ಪದ್ಧತಿ. ಬೋರ್ ಸ್ವಲ್ಪ ಸವೆದ ಎಂಜಿನ್ನಿನಲ್ಲಿ ಪಿಸ್ಟನ್ ಅಂಚಿನ ಕಾರ್ಬನ್ ಆಯಿಲನ್ನು ಮೇಲೆ ಬರದ ಹಾಗೆ ಸ್ವಲ್ಪ ತಡೆಯುತ್ತದೆ. ಅದನ್ನೂ ಕೆರೆದು ಬೆಳ್ಳಗೆ ಮಾಡಿದರೆ ಮರುದಿನದಿಂದ ಆಯಿಲ್ ಕುಡಿಯಲು ಶುರು ಮಾಡುವ ಎಂಜಿನ್ನುಗಳಿವೆ. ಹೊಸ ರಿಂಗು ಹಾಕುವುದಾದರೆ ಮಾತ್ರ ಪೂರ್ತಿ ತೆಗೆಯಬೇಕು, ಆಗ ಪಿಸ್ಟನ್ನಿನ ಸುತ್ತ ರಿಂಗು ಕೂರುವ ತೋಡನ್ನೂ ಹಳೆಯ ರಿಂಗಿನ ಮುರಿದ ತುಂಡಿನಿಂದ ಸ್ವಚ್ಛ ಮಾಡಬೇಕು. ಡಿಕಾರ್ಬನ್ ಎಂದರೆ ಎಲ್ಲ ಕಪ್ಪೂ ಹೋಗಬೇಕು ಎಂದುಕೊಂಡಿದ್ದವರಿಗೆ ಈ ಬಳೆ ನೋಡಿದರೆ ಕಸಿವಿಸಿ ಆಗಬಹುದು. ನನಗೆ ಅವರ ಕೈ ಮೇಲೆ ನಂಬಿಕೆ ಬಂದದ್ದು ಆ ಬಳೆಯಿಂದ.

ವಾಲ್ವುಗಳನ್ನು ಬ್ರಶ್ಶಿನಲ್ಲಿ ಉಜ್ಜಿ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಹಿಡಿಯ ಕೋಲನ್ನು ಎರಡು ಅಂಗೈಗಳ ನಡುವೆ ಹೊಸೆಯುತ್ತಾ ಸೀಟಿಗೆ ಕೂರಿಸಿದರು. ಸುತ್ತಲೂ ಒಂದೇ ಸಮನಾದ ಬೂದು ಗೆರೆ ಬರುವವರೆಗೆ ಬಿಡಲಿಲ್ಲ. ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ತೊಳೆದು, ಹೊಸ ಸೀಲ್ ಹಾಕಿ, ವಾಲ್ವ್ ಜೋಡಿಸಿ, ಪೋರ್ಟಿನೊಳಗೆ ಪೆಟ್ರೋಲ್ ಹೊಯ್ದು ಹೆಡ್ಡನ್ನು ಹಾಗೇ ಇಟ್ಟರು. ನಾವು ಚಾ ಕುಡಿದು ಬಂದೆವು. ವಾಲ್ವಿನ ಸಂದಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಹೊಸ ಗ್ಯಾಸ್ಕೆಟ್, ನಟ್ಟು ಬಿಗಿಯುವಾಗ ಮತ್ತೆ ಮೂಲೆಯಿಂದ ಮೂಲೆಗೆ, ಕೊನೆಗೆ ಟಾರ್ಕ್ ರೆಂಚ್. ಗ್ರೀಸ್ ಉರಿದು ಮೊದಲು ಸ್ವಲ್ಪ ಹೊಗೆ ಬಂತು, ಆಮೇಲೆ ನಿಂತಿತು.

ಇಷ್ಟೆಲ್ಲ ಯಾರಿಗೆ ಬೇಕು, ಸುಲಭದ ದಾರಿ ಇಲ್ಲವಾ? ಇದೆ, ಆದರೆ ಎಲ್ಲ ಸುಲಭದ ದಾರಿಯೂ ಒಂದೇ ಅಲ್ಲ. ಪೆಟ್ರೋಲ್ ಟ್ಯಾಂಕಿಗೆ ಹಾಕುವ ಬಾಟಲಿಗಳಲ್ಲಿ ಪಾಲಿಈಥರ್ ಅಮೀನ್ ಎಂಬ ರಾಸಾಯನಿಕ ಇರುವಂಥವು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತವೆ. ಇನ್‌ಟೇಕ್ ವಾಲ್ವಿನ ಮೇಲಿನ ಎಳೆಯ ಪದರ ಕರಗುತ್ತದೆ. ಬಾಟಲಿ ಮೇಲೆ ಬರೆದ ಅಳತೆ ಮೀರಬಾರದು, ಮುಂದಿನ ಆಯಿಲ್ ಬದಲಾವಣೆಗೆ ಸ್ವಲ್ಪ ಮೊದಲು ಹಾಕಿದರೆ ಒಳ್ಳೆಯದು. ಪ್ಲಗ್ ತೂತಿನಿಂದ ನೊರೆ ಹೊಡೆದು ರಾತ್ರಿ ಬಿಡುವ ವಿಧಾನವೂ ಇದೆ. ಮೆತ್ತಗಿನ ಮಸಿಗೆ ಪರವಾಗಿಲ್ಲ. ಆದರೆ ಕರಗಿದ್ದು ರಿಂಗಿನ ಸಂದಿನಿಂದ ಕೆಳಗೆ ಇಳಿಯುತ್ತದೆ, ಆಯಿಲ್ ಬದಲಿಸಲೇಬೇಕು. ಬಿಎಸ್ 6 ಎಂಬ ಹೊಗೆ ನಿಯಮದ ಗಾಡಿಗಳಲ್ಲಿ, ಅಂದರೆ 2020ರ ಏಪ್ರಿಲ್ ನಂತರದವುಗಳಲ್ಲಿ, ಇನ್ನೊಂದು ಜಾಗ್ರತೆ ಬೇಕು. ಸೈಲೆನ್ಸರ್ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂತಿವೆ. ಒಮ್ಮೆಗೇ ಎದ್ದ ಕಾರ್ಬನ್ನೂ ಔಷಧವೂ ಹೋಗಿ ಅಲ್ಲಿ ಸಿಕ್ಕಿಕೊಂಡರೆ ಖರ್ಚು ಹತ್ತು ಪಟ್ಟು.

ಓಡುತ್ತಿರುವ ಎಂಜಿನ್ನಿನ ಕಾರ್ಬೊರೇಟರಿಗೆ ಹನಿ ಹನಿ ನೀರು ಬಿಡುವುದು ಹಳಬರ ಉಪಾಯ. ನೀರು ಆವಿಯಾಗಿ ಕಾರ್ಬನ್ ಎಬ್ಬಿಸುತ್ತದೆ ಎಂಬುದು ನಿಜ. ಕೈ ತಪ್ಪಿ ಜಾಸ್ತಿ ಹೋದರೆ ಮಾತ್ರ ಕಥೆ ಮುಗಿಯಿತು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜುಲೈಯಲ್ಲಿ ನೀರು ನಿಂತ ರಸ್ತೆಗೆ ಗಾಡಿ ಇಳಿಸಿ ಎಂಜಿನ್ ಕಳೆದುಕೊಂಡವರನ್ನು ಕೇಳಿ. ಇನ್ನು ಹೈಡ್ರೋಜನ್ ಮೆಷಿನ್. ನೀರಿನಿಂದ ಗ್ಯಾಸ್ ಮಾಡಿ ಅರ್ಧ ಗಂಟೆ ಐಡಲ್‌ನಲ್ಲಿ ಎಂಜಿನ್ನಿಗೆ ಬಿಡುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಕ್ಯಾಮೆರಾ ಇಳಿಸಿ ಮೊದಲು, ಆಮೇಲೆ ಎಂದು ತೋರಿಸಿದವರು ಯಾರೂ ನನಗೆ ಸಿಕ್ಕಿಲ್ಲ.

ಕಾರುಗಳ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ವಾಲ್ವ್ ಸ್ವಚ್ಛ ಮಾಡುತ್ತಾರೆ. ಅವುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುವುದರಿಂದ ವಾಲ್ವಿನ ಬೆನ್ನು ತೊಳೆಯುವುದಕ್ಕೆ ಏನೂ ಇಲ್ಲ. ನಮ್ಮ ಬೈಕುಗಳಲ್ಲಿ ಪೆಟ್ರೋಲ್ ವಾಲ್ವಿನ ಹಿಂದೆಯೇ ಬೀಳುತ್ತದೆ, ಆ ರಗಳೆ ಬೇಕಾಗಿಲ್ಲ. ನಮ್ಮ ಕಡೆ ಗೇರುಬೀಜದ ಫ್ಯಾಕ್ಟರಿಗಳಲ್ಲಿ ಚಿಪ್ಪು ರಾಶಿ ಬಿದ್ದಿರುತ್ತದೆ, ಅದನ್ನೇ ಬಳಸಬಹುದಲ್ಲ ಎಂದು ಗೆಳೆಯನೊಬ್ಬ ಕೇಳಿದ. ಆ ಚಿಪ್ಪಿನಲ್ಲಿರುವ ಎಣ್ಣೆ ಏನು ಮಾಡುತ್ತದೆ ಎಂದು ಹಸಿ ಗೇರುಬೀಜ ಬಿಡಿಸಿ ಕೈ ಸುಟ್ಟುಕೊಂಡವರಿಗೆಲ್ಲ ಗೊತ್ತು.

ಕಟ್ಟದ ಹಾಗೆ ನೋಡಿಕೊಳ್ಳಲು ನನಗೆ ಇಷ್ಟವಾದ ದಾರಿ ಆಗುಂಬೆಯದ್ದು. ತಿಂಗಳಿಗೆ ಒಮ್ಮೆಯಾದರೂ ಪರ್ಕಳ, ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ದಾಟಿ ಹದಿನಾಲ್ಕು ತಿರುವು ಹತ್ತಿ ಬಂದರೆ ಎಂಜಿನ್ ಪೂರ್ತಿ ಕಾಯುತ್ತದೆ, ಎಳೆಯ ಮಸಿ ಉರಿಯುತ್ತದೆ, ಆಯಿಲಿಗೆ ಸೇರಿದ ನೀರೂ ಆವಿಯಾಗುತ್ತದೆ. ಘಾಟಿಯಲ್ಲಿ ಮೇಲಿನ ಗೇರಿನಲ್ಲಿ ಎಳೆಯಿಸಬಾರದು. ಗೇರ್ ಇಳಿಸಿ ಎಂಜಿನ್ ಆರಾಮಾಗಿ ತಿರುಗಲು ಬಿಡಬೇಕು. ಮಂಗಳೂರಿನವರಿಗೆ ಅಷ್ಟು ದೂರ ಬೇಡ ಎನಿಸಿದರೆ ಹೆದ್ದಾರಿಯಲ್ಲಿ ಪಡುಬಿದ್ರಿಯವರೆಗೆ ಹೋಗಿ ಬಂದರೂ ಆಗುತ್ತದೆ. ಗಟ್ಟಿಯಾಗಿ ಕೂತದ್ದು ಇದರಿಂದ ಹೋಗುವುದಿಲ್ಲ, ಅದು ಬೇರೆ ಮಾತು.

ಇದೆಲ್ಲ ಆದ ಮೇಲೆ ಅತ್ತಿಗೆಯ ಸ್ಕೂಟರ್ ಸರದಿ ಬಂತು. ಪಿಕಪ್ ಇಲ್ಲ, ಕಾರ್ಬನ್ ಕಟ್ಟಿದೆ, ಡಿಕಾರ್ಬನ್ ಮಾಡಿಸಬೇಕು ಎಂದು ಸರ್ವಿಸಿನವರು ಹೇಳಿ ಕಳಿಸಿದ್ದರು. “ನಿನ್ನ ಆ ಕ್ಯಾಮೆರಾ ಹಾಕಿ ಒಮ್ಮೆ ನೋಡು ಮಾರಾಯ” ಎಂದರು. ನೋಡಿದೆ. ಪಿಸ್ಟನ್ ಮೇಲೆ ತೆಳ್ಳಗಿನ ಕಂದು ಪದರ, ಪ್ಲಗ್ಗೂ ಅದೇ ಬಣ್ಣ. ಕಾರ್ಬನ್ನಿನದ್ದು ಏನೂ ಇಲ್ಲ. ಸ್ಕೂಟರಿನಲ್ಲಿ ಗೇರಿನ ಬದಲು ಬೆಲ್ಟು, ರೋಲರ್ ಇರುತ್ತವೆ. ಅವು ಸವೆದರೆ ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಶಕ್ತಿ ಮುಟ್ಟುವುದಿಲ್ಲ. ಮೆಕ್ಯಾನಿಕ್ ಅಣ್ಣ ಎಡಗಡೆಯ ಕವರ್ ಬಿಚ್ಚಿದರು. ರೋಲರುಗಳು ಒಂದು ಬದಿ ಚಪ್ಪಟೆಯಾಗಿದ್ದವು, ಬೆಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕು. ಎರಡನ್ನೂ ಬದಲಿಸಿದರು. ಹೆಡ್ಡಿಗೆ ಯಾರೂ ಕೈ ಹಾಕಲಿಲ್ಲ.